ಮದ್ದಳೆಯವರು ಇವತ್ತು ಬರ್ಲಿಲ್ವಾ?

ನಮಸ್ಕಾರ. ಇವತ್ತು ಈ ಹೆಡ್‌ಫೋನ್ ತಲೆಗೆ ಹಾಕ್ಕೊಂಡೇ ಮಾತಾಡ್ತೇನೆ. ಹಾಡು ಎಂತದ್ದೂ ಇಲ್ಲ, ಸುಮ್ನೆ ಹಾಕಿದ್ದು. ಎಷ್ಟು ಹೊತ್ತಿಗೆ ತೆಗೀತೇನೆ ಅಂತ ನೀವು ಲೆಕ್ಕ ಇಟ್ಕೊಳ್ಳಿ.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಅಮ್ಮನಿಗೆ ರಾತ್ರಿ ಊಟ ಆದ ಮೇಲೆ ಫೋನಲ್ಲಿ ತಾಳಮದ್ದಳೆ ಬೇಕು, ಅದೂ ಜೋರಾಗಿ. ಅಪ್ಪನಿಗೆ ಒಂಬತ್ತೂವರೆಗೆ ನಿದ್ದೆ ಬೇಕು. ದಿನಾ ಇದೇ ಜಟಾಪಟಿ. ನಾನು ದೊಡ್ಡ ಉಪಕಾರ ಮಾಡುವವನ ಹಾಗೆ ಇದನ್ನೇ ತೆಗ್ದು ಅಮ್ಮನ ತಲೆಗಿಟ್ಟೆ. ಚಂದದ್ದು ಮಾರಾಯ್ರೆ! ನೋಡಿ, ಕಪ್ಪು ಚರ್ಮದ ಹಾಗೆ ಕಾಣುವ ಪ್ಯಾಡು, ತಾಮ್ರದ ಬಣ್ಣದ ಕಡ್ಡಿ, ಮಡಚಿದ್ರೆ ಅಂಗೈಯಲ್ಲಿ ಹಿಡಿಸ್ತದೆ. ಕಂಪೆನಿ ಹೆಸರು ಬೇಡ.

ಅಮ್ಮ ಎರಡು ನಿಮಿಷ ಕೇಳಿದ್ರು. ಆಮೇಲೆ ಮುಖ ಸ್ವಲ್ಪ ಹುಳಿ ಮಾಡಿ, "ಎಂತ, ಮದ್ದಳೆಯವರು ಇವತ್ತು ಬರ್ಲಿಲ್ವಾ?" ಅಂದ್ರು.

ನಾನು ನನ್ನ ಕಿವಿಗಿಟ್ಟು ನೋಡ್ತೇನೆ, ಮದ್ದಳೆ ಸರಿಯಾಗೇ ಉಂಟು. ಮತ್ತೆ ಅಮ್ಮನಿಗೆ ಹಾಕ್ತೇನೆ, ಇಲ್ಲ. ಆಗ ಕಂಡದ್ದು ಕಿವಿಯ ಬೆಂಡೋಲೆ. ಈ ಹೆಡ್‌ಫೋನ್ ಕಿವಿಯನ್ನು ಒತ್ತಿದ ಕೂಡ್ಲೆ ಓಲೆಯ ತಿರುಪು ಹಿಂದಿನಿಂದ ಚರ್ಮಕ್ಕೆ ಚುಚ್ತದೆ. ಅದಕ್ಕೆ ಅಮ್ಮ ಮೆಲ್ಲ ಎರಡೂ ಬಟ್ಟಲನ್ನು ಅರ್ಧ ಇಂಚು ಮೇಲೆ ಸರಿಸಿದ್ರು. ಕೆಳಗಿನಿಂದ ಒಂದು ಸಂದಿ ಬಿತ್ತು. ನಾನು ಎರಡೂ ಕೈಯಲ್ಲಿ ಬಟ್ಟಲನ್ನು ಕಿವಿಗೆ ಒತ್ತಿ ಹಿಡಿದೆ. "ಹಾಂ, ಈಗ ಬಂದ್ರು. ಆದ್ರೆ ಕೈ ತೆಗಿ, ನೋಯ್ತದೆ."

ಹೆಡ್‌ಫೋನ್ ವಿಮರ್ಶೆ ಮಾಡುವವರು, ಮೊದಲು ನಾನೂ ಅದನ್ನೇ ಮಾಡ್ತಿದ್ದೆ, ಧ್ವನಿಗೆ ಹತ್ತಕ್ಕೆ ಎಂಟು, ಆರಾಮಕ್ಕೆ ಹತ್ತಕ್ಕೆ ಆರು ಅಂತ ಬೇರೆಬೇರೆ ಅಂಕ ಕೊಡ್ತಾರೆ. ಆ ರಾತ್ರಿ ನನಗೆ ಗೊತ್ತಾಯ್ತು, ಆ ಲೆಕ್ಕವೇ ತಪ್ಪು. ಕಿವಿಗೆ ನೋವಾದ್ರೆ ಹೆಡ್‌ಫೋನ್ ಜಾರಿಸ್ತೇವೆ, ಜಾರಿಸಿದ್ರೆ ಮದ್ದಳೆ ಹೋಗ್ತದೆ. ಇದರಲ್ಲಿ ಎರಡು ಅಂಕ ಎಲ್ಲಿಂದ ಬಂತು?

ಕಾರಣ ಸರಳ. ಮದ್ದಳೆಯ ಪೆಟ್ಟಿನಂಥ ಕೆಳಸ್ಥಾಯಿಯ ಶಬ್ದ, ಬೇಸ್ ಅಂತಾರಲ್ಲ, ಅದು ಅಂದ್ರೆ ನಿಧಾನ ಅಲುಗುವ ಗಾಳಿ. ಮುಚ್ಚಿದ ಬಟ್ಟಲಿನೊಳಗೆ ಆ ಗಾಳಿಗೆ ಒತ್ತಡ ಕಟ್ಟಬೇಕು. ಸಂದಿ ಸಿಕ್ಕಿದ್ರೆ ಒತ್ತಡ ಹೊರಗೆ ಹೋಗ್ತದೆ, ಸೈಕಲ್ ಟ್ಯೂಬು ಬಿಟ್ಟ ಹಾಗೆ. ಮೇಲಿನ ಸ್ಥಾಯಿಯ ಜಾಗಟೆ, ಚಕ್ರತಾಳ, ಮಾತಿನ 'ಸ'ಕಾರ ಇದಕ್ಕೆಲ್ಲ ಅಷ್ಟು ಪೆಟ್ಟಿಲ್ಲ, ಅವು ನೇರ ಕಿವಿಗೆ ಬರ್ತವೆ. ಹಾಗಾಗಿ ಭಾಗವತರು ಇದ್ದಾರೆ, ಅರ್ಥಧಾರಿ ಇದ್ದಾರೆ, ಮದ್ದಳೆಯವರು ಮಾತ್ರ ರಜೆ. ಕನ್ನಡಕ ಹಾಕುವವರಿಗೂ ಇದೇ ಕಥೆ. ತಲೆಗೂ ಪ್ಯಾಡಿಗೂ ನಡುವೆ ಕನ್ನಡಕದ ಕಡ್ಡಿ ಸಿಕ್ಕಿಕೊಳ್ತದೆ, ಒಂದೋ ನೋವು, ಇಲ್ಲ ಸಂದಿ. ದಪ್ಪ ಕೂದಲು, ಮುಂಡಾಸು, ಯಾವುದಾದ್ರೂ ಸಾಕು.

ಇನ್ನು ಸ್ಟೈಲಿನ ವಿಷಯ. ಬ್ಯಾಗಲ್ಲಿ ಹಿಡಿಸಬೇಕು, ಕುತ್ತಿಗೆಯಲ್ಲಿ ನೇತಾಡಿದ್ರೆ ಚಂದ ಕಾಣಬೇಕು ಅಂದ್ರೆ ಬಟ್ಟಲು ಸಣ್ಣದಾಗಬೇಕು. ಸಣ್ಣ ಬಟ್ಟಲು ಕಿವಿಯನ್ನು ಸುತ್ತುವರಿಯೋದಿಲ್ಲ, ಕಿವಿಯ ಮೇಲೇ ಕೂತ್ಕೊಳ್ತದೆ. ಕಿವಿ ಅಂದ್ರೆ ಮಡಿಕೆ ಮಡಿಕೆ, ಅದರ ಮೇಲೆ ಸಂದಿ ಬಾರದ ಹಾಗೆ ಕೂರಬೇಕಾದ್ರೆ ಜೋರಾಗಿ ಒತ್ತಬೇಕು. ಹಾಗಾಗಿ ಚಂದ, ಸಣ್ಣದು, ತುಂಬಿದ ಬೇಸ್ ಈ ಮೂರನ್ನೂ ಒಟ್ಟಿಗೆ ಕೊಡ್ತೇವೆ ಅಂತ ಯಾರಾದ್ರೂ ಹೇಳಿದ್ರೆ, ಅದರ ಬಾಕಿ ಹಣ ನಿಮ್ಮ ಕಿವಿ ಕಟ್ತದೆ.

ಚಂದಕ್ಕೆ ನನ್ನ ವಿರೋಧ ಇಲ್ಲ. ಬೀಟ್ಸ್ ಎಂಬ ಕಂಪೆನಿಯ ಹೆಡ್‌ಫೋನ್ 2008ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಹೆಡ್‌ಫೋನ್ ಕೂಡ ಒಂದು ಒಡವೆ ಆಯ್ತು. 2014ರಲ್ಲಿ ಆಪಲ್ ಆ ಕಂಪೆನಿಯನ್ನು 300 ಕೋಟಿ ಡಾಲರಿಗೆ ಕೊಂಡಿತು. ಒಡವೆ ಆಗ್ಲಿ, ತಪ್ಪೇನು? ಆದ್ರೆ ಮದುವೆಗೆ ಹಾಕಿದ ಭಾರದ ಜುಮಕಿಯನ್ನು ಸಂಜೆ ಮನೆಗೆ ಬಂದ ಕೂಡ್ಲೆ ಬಿಚ್ಚಿಡ್ತಾರೆ. ಇದನ್ನು ದಿನಾ ಬೆಳಿಗ್ಗೆ ಆಫೀಸಿಗೆ ಹಾಕ್ಕೊಂಡು ಹೋಗ್ಬೇಕಲ್ಲ.

ಇದಕ್ಕೆ ಬೇರೆ ದಾರಿ ಇಲ್ವಾ ಅಂದ್ರೆ, ಉಂಟು, ಅದೂ ಹಳೇದು. 1979ರ ಜುಲೈಯಲ್ಲಿ ಸೋನಿ ಮೊದಲ ವಾಕ್‌ಮನ್, ಅಂದ್ರೆ ಜೊತೆಗೇ ಒಯ್ಯುವ ಸಣ್ಣ ಕ್ಯಾಸೆಟ್ ಪ್ಲೇಯರ್, ತಂದಾಗ ಅದರ ಜೊತೆಗೆ ಬಂದ ಹೆಡ್‌ಫೋನಿನ ತೂಕ 50 ಗ್ರಾಂ ಒಳಗೆ. ಆಗಿನ ಮಾಮೂಲಿ ಹೆಡ್‌ಫೋನುಗಳು 300, 400 ಗ್ರಾಂ ತೂಗ್ತಿದ್ದವು. ಮುಚ್ಚುವ ಬಟ್ಟಲೇ ಇಲ್ಲ, ತೆಳು ಸ್ಪಂಜಿನ ಎರಡು ಬಿಲ್ಲೆ. ಸಂದಿ ಇದ್ದೇ ಇರ್ತದೆ ಅಂತ ಲೆಕ್ಕ ಹಾಕಿಯೇ ಮಾಡಿದ್ದು, ಹಾಗಾಗಿ ಒತ್ತಿ ಹಿಡಿಯಬೇಕಂತ ಇಲ್ಲ. (ಒಂದು ತಮಾಷೆ: ಒಬ್ಬನೇ ಕೂತು ಕೇಳೋದು ಮರ್ಯಾದೆ ಅಲ್ಲ ಅಂತ ಸೋನಿಯ ಅಕಿಯೋ ಮೊರಿಟಾ ಅವರಿಗೆ ಅನ್ನಿಸಿ, ಆ ಮೊದಲ ವಾಕ್‌ಮನ್ನಿಗೆ ಎರಡು ಹೆಡ್‌ಫೋನ್ ತೂತು ಇಟ್ಟಿದ್ರು.) ಆಮೇಲೆ 1984ರಲ್ಲಿ ಅಮೆರಿಕದ ಮಿಲ್ವಾಕಿಯ ಕಾಸ್ ಕಂಪೆನಿಯವರು ಪೋರ್ಟಾ ಪ್ರೊ ಮಾಡಿದ್ರು. ಅದೇ ರೂಪದಲ್ಲಿ ಇವತ್ತಿಗೂ ಮಾರ್ತಾ ಇದ್ದಾರೆ, 40 ವರ್ಷ ದಾಟಿತು. ಅದರ ಚಾಲಾಕಿ ಎಂತ ಅಂದ್ರೆ, ಕಿವಿಗಿಂತ ಸ್ವಲ್ಪ ಮೇಲೆ, ಕೆನ್ನೆಮೂಳೆಗಿಂತ ಹಿಂದೆ, ತಲೆಗೆ ಆತುಕೊಳ್ಳುವ ಸಣ್ಣ ಮೆತ್ತೆ ಬೇರೆ ಇಟ್ಟಿದ್ದಾರೆ. ಒತ್ತಡದಲ್ಲಿ ಒಂದು ಪಾಲು ಆ ಗಟ್ಟಿ ಎಲುಬಿಗೆ ಹೋಗ್ತದೆ, ಕಿವಿಗೆ ಎಷ್ಟು ಬಿಗಿ ಬೇಕು ಅಂತ ನೀವೇ ಒಂದು ಗುಂಡಿಯಲ್ಲಿ ಹೊಂದಿಸ್ಬಹುದು. ಯಾರೋ ತಲೆಗೆ ಹಾಕಿ ನೋಡಿ ಮಾಡಿದ ವಸ್ತು ಅಂತ ಗೊತ್ತಾಗ್ತದೆ. ನೋಡ್ಲಿಕ್ಕೆ? ದಂತವೈದ್ಯರ ಸಾಮಾನಿನ ಹಾಗೆ ಉಂಟು. ನನಗೆ ಅದೂ ಚಂದವೇ.

ಇನ್ನು ಅಂಗಡಿಗೆ ಹೋದ್ರೆ ಹೇಗೆ ಪರೀಕ್ಷೆ ಮಾಡೋದು? ಮೊದಲು ಡಬ್ಬಿಯ ಮೇಲೆ ಬರೆದದ್ದನ್ನು ಮರೀರಿ. "20ರಿಂದ 20,000 ಹರ್ಟ್ಜ್" ಅಂತ ಬರೀತಾರೆ, ಅಂದ್ರೆ ತೀರಾ ತಗ್ಗಿನ ಶಬ್ದದಿಂದ ತೀರಾ ಮೇಲಿನದ್ದರವರೆಗೆ, ಆ ಉದ್ದಕ್ಕೂ ಎಲ್ಲಿ ಏರು ಎಲ್ಲಿ ಇಳಿ ಅಂತ ಹೇಳದಿದ್ರೆ ಅದು ಜಾತಕದ ಹಾಗೆ, ಎಲ್ಲರದ್ದೂ ಚಂದವೇ ಇರ್ತದೆ. ಬೆಲೆಯನ್ನೂ ನಂಬ್ಬೇಡಿ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಹೋಲಿಸಿ ನೋಡಿದ್ರು. ಶಬ್ದದ ಈ ಏರಿಳಿತಕ್ಕೂ ಬೆಲೆಗೂ ಸಂಬಂಧವೇ ಸಿಗ್ಲಿಲ್ಲ.

ಎರಡನೇದು ವಾಲ್ಯೂಮು. ಅಂಗಡಿಯ ಹುಡುಗ ದುಬಾರಿಯದ್ದನ್ನು ತೋರಿಸುವಾಗ ಎರಡು ಗೆರೆ ಜೋರಾಗಿ ಇಟ್ಟಿರ್ತಾನೆ, ಬೇಕಂತ ಅಲ್ಲದಿದ್ರೂ. ಸ್ವಲ್ಪ ಜೋರಾದ್ದು ನಮ್ಮ ಕಿವಿಗೆ 'ಒಳ್ಳೇದು' ಅಂತ್ಲೇ ಕೇಳಿಸೋದು. ಧ್ವನಿ ಏರಿದ ಹಾಗೆ ಬೇಸ್ ತುಂಬಿದ ಹಾಗೆ ಅನ್ನಿಸೋದು ಕಿವಿಯ ಸ್ವಭಾವ, ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ಗೆರೆ ಎಳೆದು ತೋರಿಸಿದ್ರು. ಎರಡನ್ನೂ ಒಂದೇ ಜೋರಿಗೆ ತಂದು, ಅದೂ ಸ್ವಲ್ಪ ಸಣ್ಣಕ್ಕೇ ಇಟ್ಟು, ಆಮೇಲೆ ಹೋಲಿಸಿ.

ಮೂರನೇದು, ನನಗೆ ಇಷ್ಟವಾದ್ದು. ಅವರು ಹಾಕುವ ಡಬ್ ಡಬ್ ಹಾಡಿಗೆ ಬೇಡ ಅನ್ನಿ. ನಿಮಗೆ ಬಾಯಿಪಾಠ ಇರುವಂಥದ್ದನ್ನು ಹಾಕಿ. ನಾನು ಹಾಕೋದು ಕಛೇರಿಯ ತನಿ ಆವರ್ತನ, ಬರೀ ಮೃದಂಗ. ಯಾಕೆ ಅಂದ್ರೆ, ಸಾಮಾನ್ಯ ಚರ್ಮವಾದ್ಯ ಹೊಡೆದ್ರೆ ಬರುವ ಸ್ವರಾಂಶಗಳು ಒಂದಕ್ಕೊಂದು ಹೊಂದೋದಿಲ್ಲ, ಅದಕ್ಕೆ ಅದರಲ್ಲಿ ಶ್ರುತಿ ಅಂತ ಗಟ್ಟಿಯಾಗಿ ಕೇಳೋದಿಲ್ಲ. ಮೃದಂಗದ ಬಲಭಾಗಕ್ಕೆ ಹಾಕುವ ಕಪ್ಪು ಕರಣೆಯಿಂದ ಅವು ತಂತಿವಾದ್ಯದ ಹಾಗೆ ಲೆಕ್ಕಕ್ಕೆ ಬಂದು ಕೂರ್ತವೆ. ಇದನ್ನು 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದದ್ದು ಸಿ.ವಿ. ರಾಮನ್, ಶಿವಕಾಳಿ ಕುಮಾರ್ ಜೊತೆಗೆ. ಆಮೇಲೆ 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದ ಮೇಲೂ ಆ ವಿಷಯ ಬಿಡ್ಲಿಲ್ಲ. ಈಗ ಎಡಗೈಯ ಗುಂಕಿ, ಆ ತಗ್ಗಿನ ಗುಂಯ್ ಅನ್ನುವ ಶಬ್ದ, ಬರುವಾಗ ಬಲಗೈಯ ಆ ನಾದ, ಆ ಶ್ರುತಿ, ಮಸುಕಾಗ್ತದಾ ನೋಡಿ. ಕೆಳಗಿನ ಶಬ್ದಕ್ಕೆ ಮೇಲಿನದ್ದನ್ನು ಮುಚ್ಚಿ ಹಾಕುವ ಗುಣ ಉಂಟು. ಬೇಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ 'ಧೋಂ' ಮಾತ್ರ ಉಳಿದು 'ನಂ' ಹೋಗ್ತದೆ. ಇದನ್ನು ಹಿಡಿಯಲಿಕ್ಕೆ ಯಂತ್ರ ಬೇಡ, ಮೂವತ್ತು ಸೆಕೆಂಡು ಸಾಕು.

ಆದ್ರೆ ಆರಾಮಕ್ಕೆ ಮೂವತ್ತು ಸೆಕೆಂಡು ಸಾಲೋದಿಲ್ಲ. ಅಂಗಡಿಯಲ್ಲಿ ಹೊಸ ಮೆತ್ತೆ ಎಲ್ಲರಿಗೂ ಹಿತ. ನೋವು ಶುರುವಾಗೋದು ಹತ್ತಿಪ್ಪತ್ತು ನಿಮಿಷ ಆದ ಮೇಲೆ, ಕಿವಿಯ ಮೇಲಿನ ಅಂಚಲ್ಲಿ, ಒಂದು ಬಿಸಿ ಚುಕ್ಕಿಯ ಹಾಗೆ. ಅಂಗಡಿಯಲ್ಲಿ ಅಷ್ಟು ಹೊತ್ತು ನಿಲ್ಲಿ, ನಾಚಿಕೆ ಬೇಡ. ಸೀರೆ ಅಂಗಡಿಯಲ್ಲಿ ಎರಡು ಗಂಟೆ ಕೂರುವ ಜನ ನಾವು.

ಕರಾವಳಿಯವರಿಗೆ ಇನ್ನೊಂದು ಮಾತು. ಈ ಚರ್ಮದ ಹಾಗೆ ಕಾಣೋದು ಹೆಚ್ಚಿನದ್ದು ಪಾಲಿಯುರೆಥೇನ್ ಲೇಪ. ಸೆಕೆ, ಬೆವರು, ಗಾಳಿಯ ತೇವ ಸೇರಿದ್ರೆ ಆ ಲೇಪ ಒಡೀತದೆ. ನನ್ನದನ್ನು ಊರಲ್ಲಿ ಒಂದು ಮಳೆಗಾಲ ಬಿಟ್ಟು ಬಂದಿದ್ದೆ. ನೋಡಿ ಇಲ್ಲಿ, ಕ್ಯಾಮರಾ ಹತ್ತಿರ ತರ್ತೇನೆ. ಈ ಕಪ್ಪು ಹುಡಿ, ಹಾಕಿ ತೆಗೆದ್ರೆ ಕಿವಿಗೆಲ್ಲ ಕಾಡಿಗೆ. ಪ್ಯಾಡು ಬದಲಾಯಿಸ್ಲಿಕ್ಕೆ ಬರ್ತದಾ, ಸಿಗ್ತದಾ ಅಂತ ಕೊಳ್ಳುವ ಮೊದಲು ಕೇಳಿ.

ಬ್ಲೂಟೂತ್ ಕೋಡೆಕ್ ಯಾವುದು, ಡ್ರೈವರ್ ಎಷ್ಟು ಮಿಲಿಮೀಟರ್ ಅಂತ ಕೆಳಗೆ ಕಾಮೆಂಟಲ್ಲಿ ಜಗಳ ಆಡುವವರು ಆಡಿ. ಓಲೆಯ ತಿರುಪು ಮಾಡಿದಷ್ಟು ವ್ಯತ್ಯಾಸ ಅದು ಮಾಡೋದಿಲ್ಲ.

ತೆರೆದ ಸ್ಪಂಜಿನದ್ದೇ ಎಲ್ಲರಿಗೂ ಸರಿ ಅಂತಲೂ ನಾನು ಹೇಳೋದಿಲ್ಲ. ಬಸ್ಸಲ್ಲಿ ಕೂತ್ರೆ ಇಂಜಿನ್ನಿನ ಗಲಾಟೆ ಪೂರಾ ಒಳಗೆ ಬರ್ತದೆ, ಅದನ್ನು ಮೀರಿಸ್ಲಿಕ್ಕೆ ವಾಲ್ಯೂಮ್ ಏರಿಸ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ ಕೇಳ್ಬಹುದು, 90ಕ್ಕೆ ಏರಿಸಿದ್ರೆ ಬರೀ 4 ಗಂಟೆ. ದಿನಾ ಎರಡು ಗಂಟೆ ಟ್ರಾಫಿಕ್ಕಲ್ಲಿ ಕೂರುವವರಿಗೆ ಕಿವಿಯನ್ನು ಪೂರ್ತಿ ಸುತ್ತುವ ದೊಡ್ಡ ಬಟ್ಟಲೇ ಒಳ್ಳೇದು. ಅದು ಬ್ಯಾಗಲ್ಲಿ ಹಿಡಿಸೋದಿಲ್ಲ, ಗೊತ್ತುಂಟು.

ಹಾಂ... ಸಾಕು. ತೆಗ್ದೆ. ಎಷ್ಟಾಯ್ತು? ನನ್ನ ಗಡಿಯಾರದಲ್ಲಿ ಹತ್ತು ನಿಮಿಷ. ಬಲಕಿವಿ ಕೆಂಪಾಗಿದೆ ಅಲ್ವಾ?

ಅಮ್ಮನಿಗೆ ಆಮೇಲೆ ಒಂದು ತೆರೆದ ಸ್ಪಂಜಿನ ಹೆಡ್‌ಫೋನೇ ಕಳಿಸಿದೆ, ಹಗುರದ್ದು. ಓಲೆಗೆ ತಾಗೋದಿಲ್ಲ, ಮದ್ದಳೆಯವರು ದಿನಾ ಬರ್ತಾರಂತೆ. ಆದ್ರೆ ತೆರೆದದ್ದಲ್ವಾ, ಶಬ್ದ ಹೊರಗೂ ಸೋರ್ತದೆ. ಎರಡು ದಿನ ಅಪ್ಪ ಆ ಕೋಣೆಯಲ್ಲೇ ಮಗ್ಗುಲು ಬದಲಿಸಿದ್ರಂತೆ. ಮೂರನೇ ದಿನ ಎದ್ದು ಕೂತು, "ಹೀಗೆ ಅರ್ಧಂಬರ್ಧ ಕೇಳುವುದಕ್ಕಿಂತ ಅದನ್ನು ತೆಗ್ದು ಜೋರಾಗೇ ಹಾಕು, ಕರ್ಣ ಎಂತ ಹೇಳಿದ ಅಂತ ನನಗೂ ಗೊತ್ತಾಗ್ಲಿ" ಅಂದ್ರಂತೆ.