ಮಂಗ ತಾನೆ, ಹಾರುತ್ತೆ ಬಿಡಿ

ಎಲ್ರಿಗೂ ನಮಸ್ಕಾರ. ವನ್ಯಜೀವಿ ಸಪ್ತಾಹ ಅಂದ್ರೆ ಆನೆ, ಹುಲಿ ಅಂತಾರೆ, ಆದ್ರೆ ಆನೆ ಕಾಟ ಇರೋ ಕೊಡಗಿನ ಪೊನ್ನಂಪೇಟೆಲಿ ನಿಂತು ಆನೆ ವಿಷಯ ಎತ್ತಿದ್ರೆ ನೀವು ನನ್ನನ್ನ ಊಟಕ್ಕೆ ಬಿಡಲ್ಲ, ಅದಕ್ಕೇ ಮಂಗನ ನೆಗೆತ ಆರಿಸ್ಕೊಂಡೆ.

ಕಾಫಿ ತೋಟದಲ್ಲಿ ಮರಗಸಿ ಮಾಡ್ವಾಗ, ಅಂದ್ರೆ ನೆರಳು ಮರದ ಕೊಂಬೆ ಕಡಿವಾಗ, ಒಂದು ಮಾತು ಬಂದೇ ಬರುತ್ತೆ, ಮಂಗ ತಾನೆ, ಹಾರುತ್ತೆ ಬಿಡಿ ಅಂತ. ನನ್ನ ತಕರಾರು ಅದೊಂದೇ. ಯಾವ ಮಂಗ ಸ್ವಾಮಿ? ಎಷ್ಟು ತೂಕದ್ದು, ಎಂಥ ಕೊಂಬೆಯಿಂದ?

ಮೈ ಉದ್ದ ಅಗಲ ದಪ್ಪ ಎಲ್ಲಾ ಎರಡರಷ್ಟಾದ್ರೆ ತೂಕ 8 ಪಟ್ಟಾಗುತ್ತೆ, ಸ್ನಾಯುವಿನ ಬಲ ಬರೀ 4 ಪಟ್ಟು, ಅದಕ್ಕೇ ದೊಡ್ಡ ಮೈಗೆ ಹಾರೋದು ಕಷ್ಟ. ಆಫ್ರಿಕಾದ ಗಲಾಗೊ ಕಾಲು ಕೇಜಿ ಪ್ರಾಣಿ, ನಿಂತಲ್ಲಿಂದ ನೆಟ್ಟಗೆ 2.25 ಮೀಟರ್ ಹಾರಿದ್ದು ದಾಖಲಾಗಿದೆ. ದೊಡ್ಡ ಗಂಡು ಒರಾಂಗುಟಾನ್ ಹಾರೋ ಗೋಜಿಗೇ ಹೋಗಲ್ಲ, ತಾನು ಕೂತ ಮರವನ್ನೇ ತೂಗಿ ಬಗ್ಗಿಸಿ ಪಕ್ಕದ ಮರ ಹಿಡ್ಕೊಳುತ್ತೆ. ದಕ್ಷಿಣ ಅಮೆರಿಕದ ಸುರಿನಾಮ್ ಕಾಡಿನ 7 ಜಾತಿ ಮಂಗಗಳನ್ನ ನೋಡಿ ಫ್ಲೀಗಲ್, ಮಿಟರ್‌ಮೈಯರ್ ಅನ್ನೋ ವಿಜ್ಞಾನಿಗಳು 1980ರಲ್ಲಿ ಬರೆದ್ರು, ಚಿಕ್ಕವು ಹೆಚ್ಚು ಹಾರ್ತಾವೆ, ಮೈ ದೊಡ್ಡದಾದಷ್ಟೂ ಹತ್ತಿ ಇಳಿಯೋದೇ ಜಾಸ್ತಿ ಅಂತ.

ನಮ್ಮ ತೋಟದ ಅಂಚಲ್ಲಿ ಒಂದು ಅತ್ತಿ ಮರ, ಆಚೆಗೆ ಸಿಲ್ವರ್ ಓಕ್ ಸಾಲು. ಮುಸುವದ ಗುಂಪು ದಿನಾ ಅದೇ ದಾರಿ. ಮರಗಸಿ ಆದ್ಮೇಲೆ ಮರಿಗಳು ಸುಮ್ನೆ ಹಾರ್ಕೊಂಡು ಹೋದ್ವು, ತೋಟದ ಲೆಕ್ಕ ನೋಡ್ಕೊಳ್ಳೋ ನಮ್ಮ ರೈಟ್ರು ನೋಡಿ ಸಾರ್ ಏನೂ ಆಗಿಲ್ಲ ಅಂದ್ರು. ಆಮೇಲೆ ದೊಡ್ಡ ಗಂಡು ಬಂತು. ತುದಿಗೆ ಬಂದು ಕೊಂಬೆ ಬಗ್ಗಿತು, ಹಿಂದೆ ಹೋಯ್ತು, ಮತ್ತೆ ಬಂತು, ರೈಟ್ರು ಕೈಗಡಿಯಾರ ನೋಡ್ಕೊಳೋಕೆ ಶುರು ಮಾಡಿದ್ರು (ಸಂಬಳ ನಾನು ತಾನೆ ಕೊಡೋದು), ಕೊನೆಗೆ ಅದು ಇಳಿದು ಕಾಫಿ ಗಿಡದ ನಡುವೆ ನಡ್ಕೊಂಡೇ ಹೋಯ್ತು, ನಾಯಿ ಬೆನ್ನಟ್ಟಿತು, ನಾಯಿ ಹಿಂದೆ ರೈಟ್ರು. ಕೊಂಬೆ ಬಗ್ಗಿದ್ರೆ ಒದ್ದ ಬಲ ಒಂದಷ್ಟು ಅದಕ್ಕೇ ಹೋಗುತ್ತೆ, ಚೈನ್ ತಪ್ಪಿದ ಸೈಕಲ್ ಪೆಡಲ್ ಒದ್ದ ಹಾಗೆ. ದಪ್ಪ ಮೈಗೆ ದಪ್ಪ ಕೊಂಬೆ ಬೇಕು, ನಾವು ಕಡಿಯೋದೂ ಅದನ್ನೇ.

ಹಾಗಾದ್ರೆ ಚಿಕ್ಕದಕ್ಕೆಲ್ಲಾ ಸುಲಭವಾ? ಅದೂ ಇಲ್ಲ. ಕಾಡುಪಾಪ ತಗೊಳ್ಳಿ, ಅದೇ ದೊಡ್ಡ ಕಣ್ಣಿನ ಲೋರಿಸ್, ಗಲಾಗೊದಷ್ಟೇ ಗಾತ್ರ, ದೂರದ ಸಂಬಂಧಿ ಕೂಡ, ಆದ್ರೆ ಹಾರೋದೇ ಇಲ್ಲ! ಒಂದು ಕೈ ಬಿಡ್ಬೇಕಾದ್ರೆ ಉಳಿದದ್ದು ಗಟ್ಟಿ ಹಿಡಿದಿರ್ಬೇಕು. ಗಲಾಗೊಗೆ ಪಾದದ ಮೂಳೆ ಉದ್ದ, ಇದಕ್ಕಿಲ್ಲ. ಹಾಗಾಗಿ ಗಟ್ಟಿ ಕೊಂಬೆ ಇದ್ರೆ ಒಂದು ಮೀಟರ್ ಗ್ಯಾಪ್ ಮುಸುವಕ್ಕೆ ಲೆಕ್ಕಕ್ಕಿಲ್ಲ, ಕಾಡುಪಾಪಕ್ಕೆ ರಸ್ತೆ ಅಲ್ಲಿಗೇ ಮುಗೀತು. ಮತ್ತೆ ಕೇಳ್ತೀನಿ, ಯಾವ ಮಂಗ?

ಚೀಟಿ ಬಂತು, ಐದು ನಿಮಿಷ ಅಂತೆ. ಮಾಕುಟ್ಟದ ಸಿಂಗಳೀಕ, ಕರೆಂಟ್ ತಂತಿ, ಹೊಟ್ಟೆಗೆ ಮರಿ ಕಟ್ಕೊಂಡ ತಾಯಿ, ಎಲ್ಲಾ ಬಾಕಿ. ಒಂದು ಮಾತ್ರ: ತಮಿಳ್ನಾಡಿನ ವಾಲ್ಪಾರೈಲಿ ರಸ್ತೆ ಮೇಲೆ ಸಿಂಗಳೀಕಗಳಿಗೆ ತೂಗುಸೇತುವೆ ಕಟ್ಟಿದಾರೆ, ಅವು ದಾಟ್ತಾನೂ ಇದಾವೆ. ನಮ್ಗೆ ಅಷ್ಟು ಖರ್ಚೂ ಬೇಡ, ಈ ಸಲ ಮರ ಹತ್ತೋರಿಗೆ ಸಾಲಿಗೊಂದು ಕಡೆ ಕೊಂಬೆಗೆ ಕೊಂಬೆ ತಾಗೋ ಹಾಗೆ ಬಿಡಿ ಅಂತ ಹೇಳಿ. ಕಾಳುಮೆಣಸಿಗೆ ಬಿಸಿಲು ಕಮ್ಮಿ ಆಗುತ್ತೆ ಅಂತ ಹಿಂದಿನ ಸಾಲಲ್ಲಿ ಯಾರೋ ಗೊಣಗಿದ್ರು, ಬನ್ನಿ, ಊಟಕ್ಕೆ ಕೂತು ಜಗಳ ಆಡೋಣ.