ಉತ್ತರಿಸುವ ಮುಂಚೆ ಒಂದು ರಾತ್ರಿ

ಎಲ್ಲರಿಗೂ ನಮಸ್ಕಾರ.

ಸಂಘಟಕರು ನನಗೆ ಕೊಟ್ಟ ವಿಷಯ 'ಸಾಮಾಜಿಕ ಜಾಲತಾಣ: ಸಾಧಕ ಬಾಧಕ'. ಬಾಧಕಗಳ ಪಟ್ಟಿ ನಿಮ್ಮೆಲ್ಲರ ಹತ್ತಿರ ಇದೆ. ಅದನ್ನು ಮತ್ತೊಮ್ಮೆ ಕೇಳುವುದಕ್ಕೆ ಈ ಮಳೆಯಲ್ಲಿ ಇಷ್ಟು ಜನ ಕೊಡೆ ಹಿಡಿದು ಬರಬೇಕಾಗಿರಲಿಲ್ಲ. ನನಗೆ ಹೇಳಲೇಬೇಕು ಅನಿಸಿರುವ ಮಾತು ಒಂದೇ. ಮಾತು ಕಿವಿಗೆ ಬೀಳುವುದಕ್ಕೂ ಅದಕ್ಕೆ ಉತ್ತರ ಕೊಡುವುದಕ್ಕೂ ನಡುವೆ ಸ್ವಲ್ಪ ಹೊತ್ತು ಬೇಕು. ಆ ಹೊತ್ತನ್ನು ಫೋನು ತೆಗೆದುಕೊಂಡುಬಿಟ್ಟಿದೆ. ಸೌಜನ್ಯ, ಕರುಣೆ, ಒಳ್ಳೆಯತನ ಅಂತ ನಾವು ಏನನ್ನು ಕರೆಯುತ್ತೇವೋ ಅದೆಲ್ಲ ಆ ಹೊತ್ತಿನಲ್ಲೇ ಹುಟ್ಟುವುದು ಅಂತ ನನ್ನ ನಂಬಿಕೆ.

ಹೆಗ್ಗೋಡನ್ನು ನೆನಪಿಸಿಕೊಳ್ಳಿ. ಈ ಸಭೆಯಲ್ಲಿ ಅಲ್ಲಿನ ರಂಗಸಂಸ್ಥೆ ನೀನಾಸಂನ ಸಂಸ್ಕೃತಿ ಶಿಬಿರಕ್ಕೆ ಹೋಗಿ ಬಂದವರು ತುಂಬಾ ಜನ ಇದ್ದೀರಿ, ಕೆಲವರ ಮುಖ ಇಲ್ಲಿಂದಲೇ ಕಾಣುತ್ತಿದೆ. ಅಲ್ಲಿನ ಕ್ರಮ ನಿಮಗೆ ಗೊತ್ತು: ರಾತ್ರಿ ನಾಟಕ, ಅದರ ಚರ್ಚೆ ಮರುದಿನ ಬೆಳಿಗ್ಗೆ. ಪರದೆ ಬಿದ್ದ ಕೂಡಲೇ ಯಾರ ಬಾಯಿಗೂ ಮೈಕು ಹಿಡಿಯುವುದಿಲ್ಲ. ಊಟ ಮಾಡುತ್ತೀರಿ, ಜೊತೆಯವರ ಹತ್ತಿರ ಗೊಣಗುತ್ತೀರಿ, ಮಲಗುತ್ತೀರಿ. ರಾತ್ರಿ ಒಂಬತ್ತೂವರೆಗೆ 'ಇದೆಂಥ ನಾಟಕ ಮಾರಾಯ್ರೆ' ಅನಿಸಿದ್ದು ಬೆಳಿಗ್ಗೆ ಹೊತ್ತಿಗೆ 'ಎರಡನೇ ಅಂಕದಲ್ಲಿ ತಾಯಿ ಯಾಕೆ ಸುಮ್ಮನಾದಳು ಅಂತ ನನಗೆ ತಿಳಿಯಲಿಲ್ಲ' ಎಂಬ ಪ್ರಶ್ನೆಯಾಗಿರುತ್ತದೆ. ಮೊದಲನೆಯದಕ್ಕೆ ನಾಟಕ ಮಾಡಿದವರು ಏನೂ ಹೇಳಲಾರರು. ಎರಡನೆಯದಕ್ಕೆ ಅರ್ಧ ಗಂಟೆ ಮಾತಾಡಬಹುದು. ನಾಟಕ ಇಷ್ಟವಾಗದಿದ್ದರೆ ಅದನ್ನೇನೂ ಮುಚ್ಚಿಡುವುದಿಲ್ಲ, ಬೆಳಿಗ್ಗೆ ಕೂಡ ಖಾರವಾಗಿಯೇ ಹೇಳುತ್ತಾರೆ. 1949ರಲ್ಲಿ ಹುಟ್ಟಿದ ಆ ಸಂಸ್ಥೆ, ಅದನ್ನು ಬೆಳೆಸಿದ ಸುಬ್ಬಣ್ಣನವರು, ಅವರಿಗೆ 1991ರಲ್ಲಿ ಬಂದ ಮ್ಯಾಗ್ಸೆಸೆ ಪ್ರಶಸ್ತಿ, ಇವೆಲ್ಲ ನಮಗೆ ಹೆಮ್ಮೆಯ ಸಂಗತಿಗಳೇ. ನನಗೆ ಮಾತ್ರ ಆ ನಡುವಿನ ಒಂದು ರಾತ್ರಿಯ ಮೇಲೆ ಎಲ್ಲಕ್ಕಿಂತ ಹೆಚ್ಚು ಅಭಿಮಾನ.

ಈಗ ಒಂದು ಊರಿನ ಕತೆ ಹೇಳುತ್ತೇನೆ. ಆಗುಂಬೆ ಕಡೆಯ ಊರು, ಹೆಸರು ಬೇಡ. ನನ್ನ ಬಂಧುಗಳು ಅಲ್ಲಿರುವುದರಿಂದ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ನಾನೂ ಇದ್ದೇನೆ. ಅಡಿಕೆ ದರ, ಕರೆಂಟು ಯಾವಾಗ ಬರುತ್ತದೆ, ಯಾರ ಮನೆ ಎಮ್ಮೆ ಯಾರ ತೋಟಕ್ಕೆ ನುಗ್ಗಿತು, ಕೊಳೆ ರೋಗಕ್ಕೆ ಎರಡನೇ ಔಷಧಿ ಯಾರು ಹೊಡೆಸಿದರು, ಇಂಥವೇ ಸುದ್ದಿ. ಊರಲ್ಲಿರುವವರಿಗಿಂತ ಬೆಂಗಳೂರಿನಲ್ಲಿರುವ ಮಕ್ಕಳೇ ಗ್ರೂಪಿನಲ್ಲಿ ಜಾಸ್ತಿ. ಒಂದು ಪುನರ್ವಸು ಮಳೆಯ ಸಂಜೆ ಬೆಂಗಳೂರಿನ ಹುಡುಗನೊಬ್ಬ ಬರೆದ: 'ದೀಪೋತ್ಸವದ ಲೆಕ್ಕ ಎಲ್ಲಿ? ಎಂಟು ತಿಂಗಳಾಯ್ತು. ದುಡ್ಡು ಯಾರ ಜೇಬಿನಲ್ಲಿದೆ?'

ಮೂರು ಸಾಲು. ಮೊದಲ ಎರಡು ಸಾಲಿನಲ್ಲಿ ಒಂದಿಷ್ಟೂ ತಪ್ಪಿಲ್ಲ. ದೇವಸ್ಥಾನದ ದುಡ್ಡು ಊರಿನ ದುಡ್ಡು, ಕೇಳುವ ಹಕ್ಕು ಎಲ್ಲರಿಗೂ ಇದೆ. ಕೆಟ್ಟದ್ದು ಮೂರನೆಯ ಸಾಲು. ಲೆಕ್ಕ ಬರೆಯುತ್ತಿದ್ದವರು ನಿವೃತ್ತ ಮಾಸ್ಟ್ರು, ಆ ಹುಡುಗನಿಗೇ ಕನ್ನಡಶಾಲೆಯಲ್ಲಿ ಅಕ್ಷರ ಕಲಿಸಿದವರು. ಹತ್ತು ನಿಮಿಷದಲ್ಲಿ ಅವರು ಗ್ರೂಪಿನಿಂದ ಲೆಫ್ಟ್ ಆದರು. ಆಮೇಲೆ ಶುರುವಾಯಿತು ನೋಡಿ. ಹುಡುಗನ ಪರ ಒಂದಿಷ್ಟು, ಮಾಸ್ಟ್ರ ಪರ ಒಂದಿಷ್ಟು. ಹಳೆಯ ಗಡಿ ತಕರಾರು ಬಂತು, ಯಾವುದೋ ಮದುವೆಗೆ ಕರೆಯದಿದ್ದದ್ದು ಬಂತು, ಯಾರದೋ ಅಜ್ಜ ಗೇಣಿ ವಿಚಾರದಲ್ಲಿ ಮಾಡಿದ್ದೂ ಬಂತು. ದೀಪೋತ್ಸವವನ್ನು ಯಾರೂ ಕೇಳುವವರಿಲ್ಲ.

ಅವತ್ತು ರಾತ್ರಿ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಮಲೆನಾಡಿನವರಿಗೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಕರೆಂಟಿನ ಹಿಂದೆಯೇ ಟವರೂ ಹೋಯಿತು. ಊರಿನವರು ಬರೆದಿಟ್ಟ ಉತ್ತರಗಳು ಅವರವರ ಫೋನಿನಲ್ಲೇ ಗಡಿಯಾರದ ಗುರುತು ಹೊತ್ತು ಕೂತವು. ಬೆಂಗಳೂರಿನವರು ಕಳಿಸಿದ್ದಕ್ಕೆಲ್ಲ ಒಂದೇ ಟಿಕ್. ಬೈದರೆ ಕೇಳುವವರಿಲ್ಲ, ಕೆಣಕಿದರೆ ಸಿಟ್ಟಾಗುವವರಿಲ್ಲ. ಎರಡನೇ ದಿನಕ್ಕೆ ಅವರೂ ಸುಮ್ಮನಾದರು.

ಆ ಊರಲ್ಲಿ ಸ್ವಸಹಾಯ ಸಂಘದ ಲೆಕ್ಕ ನೋಡಿಕೊಳ್ಳುವ ಹೆಂಗಸೊಬ್ಬರಿದ್ದಾರೆ, ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುವುದು. ಮೊದಲ ರಾತ್ರಿ ಅವರೂ ಒಂದು ಉದ್ದ ಉತ್ತರ ಬರೆದಿದ್ದರಂತೆ. ಅದೂ ಹೋಗಿರಲಿಲ್ಲ. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಮತ್ತೆ ಓದಿ ನೋಡಿದರು, ಅಳಿಸಿದರು. ಕೊಡೆ ಹಿಡಿದು ಸಂಕ ದಾಟಿ ಮಾಸ್ಟ್ರ ಮನೆಗೆ ಹೋದರು. ಮಾಸ್ಟ್ರಿಗೆ ಜ್ವರ. 'ಎಂತ ಮಾರಾಯ್ತಿ, ಈ ವಯಸ್ಸಿಗೆ ನಾನು ಕಳ್ಳ ಆದ್ನ?' ಅಂದರಂತೆ. ಅಕ್ಕ ಸಮಾಧಾನದ ಮಾತೇನೂ ಆಡಲಿಲ್ಲ. 'ಲೆಕ್ಕದ ಪುಸ್ತಕ ಕೊಡಿ ಮಾಸ್ಟ್ರೇ, ಒಂದ್ಸಲ ನೋಡುವ' ಅಂದರು. ಇಬ್ಬರೂ ಕೂತು ನೋಡಿದರು. ಒಂದು ರಶೀದಿ ಪುಸ್ತಕ ಸೇರಿರಲೇ ಇಲ್ಲ, ಇನ್ನೊಬ್ಬ ಸದಸ್ಯರ ಮನೆಯಲ್ಲೇ ಉಳಿದಿತ್ತು. ಅದನ್ನು ತರಿಸಿ ಕೂಡಿಸಿದರು.

ಟವರ್ ಬಂದ ಮೇಲೆ ಗ್ರೂಪಿಗೆ ಮೊದಲು ಬಿದ್ದದ್ದು ಪುಸ್ತಕದ ಪುಟಗಳ ಫೋಟೋ, ಅದರ ಕೆಳಗೆ ಅಕ್ಕನ ನಾಲ್ಕು ಸಾಲು: 'ಲೆಕ್ಕ ಹಾಕಿದ್ದೇವೆ ನೋಡಿ. ಒಂದು ರಶೀದಿ ಪುಸ್ತಕ ಬಿಟ್ಟುಹೋಗಿತ್ತು, ಸೇರಿಸಿದೆವು. ಕೇಳಿದ್ದು ಒಳ್ಳೆಯದೇ ಆಯ್ತು. ಮಾಸ್ಟ್ರಿಗೆ ಜ್ವರ, ಮಾತಾಡಿಸುವವರು ಮಾತಾಡಿಸಿ.'

ಇದಕ್ಕಿಂತ ಒಳ್ಳೆಯ ಸಂದೇಶವನ್ನು ನಾನು ಯಾವ ಜಾಲತಾಣದಲ್ಲೂ ಓದಿಲ್ಲ. ಪ್ರಶ್ನೆ ಕೇಳಿದವನಿಗೆ ಅದರಲ್ಲಿ ಮರ್ಯಾದೆ ಇದೆ, ಲೆಕ್ಕ ಬರೆದವರಿಗೂ ಇದೆ. ಇದ್ದ ತಪ್ಪನ್ನು ತಪ್ಪು ಅಂತಲೇ ಹೇಳಿದ್ದಾರೆ. ಯಾರಿಗೂ ಬುದ್ಧಿ ಹೇಳಿಲ್ಲ. ಹುಡುಗ ಅವತ್ತೇ ಮಾಸ್ಟ್ರಿಗೆ ಫೋನ್ ಮಾಡಿದ. ಮಾಸ್ಟ್ರು ಗ್ರೂಪಿಗೆ ವಾಪಸ್ ಬಂದರಾ ಅಂದರೆ, ಇಲ್ಲ, ಇವತ್ತಿಗೂ ಬಂದಿಲ್ಲ. ನೋವು ಪೂರ್ತಿ ಹೋಗಿಲ್ಲ, ಹೋಗಬೇಕು ಅಂತ ಹಟ ಹಿಡಿಯುವುದೂ ಸರಿಯಲ್ಲ.

ಆ ಊರಿಗೆ ಯೋಚನೆ ಮಾಡುವ ರಾತ್ರಿಗಳನ್ನು ಮಳೆ ಕೊಟ್ಟಿತು. ಶಿವಮೊಗ್ಗ ಪೇಟೆಯಲ್ಲಿ ಟವರ್ ಹೋಗುವುದಿಲ್ಲ. ಇಲ್ಲಿ ಆ ರಾತ್ರಿಯನ್ನು ನಾವೇ ಮಾಡಿಕೊಳ್ಳಬೇಕು.

ಕಷ್ಟ ಏನೆಂದರೆ, ಈ ಜಾಲತಾಣಗಳನ್ನು ಕಟ್ಟಿದ ರೀತಿಯೇ ನಮ್ಮ ಅವಸರದ ಮೇಲೆ ನಿಂತಿದೆ. ಯಾರ ಬರಹ ಯಾರಿಗೆ ಮೊದಲು ಕಾಣಬೇಕು ಅಂತ ಫೇಸ್‌ಬುಕ್ ಲೆಕ್ಕ ಹಾಕುತ್ತದಲ್ಲ, 2017ರಲ್ಲಿ ಆ ಲೆಕ್ಕದಲ್ಲಿ ಒಂದು ಲೈಕಿಗೆ ಒಂದು ಅಂಕವಾದರೆ, ಕೋಪದ ಮುಖವೂ ಸೇರಿದ ಇಮೋಜಿಗಳಿಗೆ ಐದು ಅಂಕ ಇತ್ತು. ನಿಮ್ಮನ್ನು ರೇಗಿಸಿದ ಬರಹಕ್ಕೆ ನೀವು ಒತ್ತಿದ ಕೋಪದ ಮುಖ, ಅದನ್ನು ಪಕ್ಕದವರಿಗೆ ತಲುಪಿಸುವ ಲೆಕ್ಕದಲ್ಲಿ ಐದು ಲೈಕಿನಷ್ಟು ತೂಗುತ್ತಿತ್ತು. 2021ರಲ್ಲಿ ಒಳಗಿನ ದಾಖಲೆಗಳು ಹೊರಬಂದಾಗ ಇದು ಲೋಕಕ್ಕೆ ತಿಳಿಯಿತು. ಅಷ್ಟರಲ್ಲಿ ಕೋಪದ ಅಂಕವನ್ನು ಅವರೇ ಸೊನ್ನೆಗೆ ಇಳಿಸಿದ್ದರು. ಇಳಿಸಬಹುದಾಗಿತ್ತು ಅಂದ ಮೇಲೆ ಏರಿಸಿದ್ದೂ ಮನುಷ್ಯರೇ ತಾನೆ.

ಹಾಗಂತ ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಓಡಾಡಿದ ಸುಮಾರು 1,26,000 ಸುದ್ದಿಗಳನ್ನು ನೋಡಿದ್ದರು. ಸುಳ್ಳು ಸುದ್ದಿಯನ್ನು ಮತ್ತೊಬ್ಬರಿಗೆ ಹಂಚುವ ಸಾಧ್ಯತೆ ನಿಜ ಸುದ್ದಿಗಿಂತ ಶೇ. 70ರಷ್ಟು ಹೆಚ್ಚಿತ್ತು. ಅದಕ್ಕೆ ಕಾರಣ ಕಂಪ್ಯೂಟರ್ ಓಡಿಸುವ ನಕಲಿ ಖಾತೆಗಳಲ್ಲ, ನಮ್ಮ ನಿಮ್ಮಂಥ ಮನುಷ್ಯರು. ಹೊಸದು, ಆಶ್ಚರ್ಯದ್ದು ಅಂದರೆ ನಮಗೆ ತಡೆಯುವುದಕ್ಕೇ ಆಗುವುದಿಲ್ಲ.

ಇನ್ನು ತಡೆದರೆ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. 2020ರಲ್ಲಿ ಟ್ವಿಟರ್ ಒಂದು ಸಣ್ಣ ಪ್ರಯೋಗ ಮಾಡಿತು. ಲೇಖನವನ್ನು ತೆರೆಯದೆಯೇ ಹಂಚಲು ಹೊರಟವರಿಗೆ 'ಮೊದಲು ಓದುತ್ತೀರಾ?' ಅಂತ ಕೇಳಿತು, ಅಷ್ಟೆ. ಆ ಪ್ರಶ್ನೆ ಕಂಡವರು ಲೇಖನ ತೆರೆಯುವುದು ಶೇ. 40ರಷ್ಟು ಹೆಚ್ಚಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ವಾಟ್ಸಾಪ್, ತುಂಬಾ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸಬಹುದು ಅಂತ ಮಾಡಿತು. ಅಂಥ ಸಂದೇಶಗಳ ಓಡಾಟ ಶೇ. 70ರಷ್ಟು ಇಳಿಯಿತು ಅಂತ ಕಂಪನಿಯೇ ಹೇಳಿತು. ಒಂದು ರಾತ್ರಿ ಬೇಡ, ಒಂದು ಗಳಿಗೆ ನಿಲ್ಲಿಸಿದ್ದಕ್ಕೇ ಇಷ್ಟು.

ನಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಮುರ್ಕಿ ಎಂಬ ಊರಿನ ಉದಾಹರಣೆ ಇದೆ. ಬೀದರ್ ಜಿಲ್ಲೆ, 2018ರ ಜುಲೈ. ಹೊರಗಿನಿಂದ ಬಂದ ಯುವಕರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುಳ್ಳು ಆ ದಿನಗಳಲ್ಲಿ ದೇಶದ ತುಂಬ ಹಬ್ಬಿತ್ತು. ಊರಿನವರು ಅನುಮಾನಪಟ್ಟರು. ಯುವಕರು ಹೆದರಿ ಕಾರಿನಲ್ಲಿ ಹೊರಟರೆ ಕಾರಿಗಿಂತ ಮೊದಲು ಸಂದೇಶ ಮುರ್ಕಿ ಮುಟ್ಟಿತ್ತು. ಅಲ್ಲಿ ಸೇರಿದ ಗುಂಪಿನ ಹೊಡೆತಕ್ಕೆ ಅವರಲ್ಲೊಬ್ಬ ಯುವಕ ಜೀವ ಕಳೆದುಕೊಂಡ. ಆ ಸಂದೇಶ ಕಳಿಸಿದವರಲ್ಲಿ ಬಹಳಷ್ಟು ಜನ ತಮ್ಮ ಮಕ್ಕಳ ಮೇಲಿನ ಪ್ರೀತಿಯಿಂದಲೇ ಕಳಿಸಿರಬೇಕು. ಅದನ್ನು ನೆನೆದಾಗ ನನಗೆ ಇನ್ನೂ ಸಂಕಟವಾಗುತ್ತದೆ. ಮನಸ್ಸು ಒಳ್ಳೆಯದಿದ್ದರೆ ಸಾಕು ಅಂತ ನಾವು ಅಂದುಕೊಂಡಿರುತ್ತೇವೆ.

ಬೀದರ್ ದೂರವಾಯಿತು ಅನ್ನುವುದಾದರೆ, ನಮ್ಮ ಶಿವಮೊಗ್ಗದಲ್ಲೇ ಗಲಭೆಯಾದ 2022 ನಿಮಗೆ ನೆನಪಿದೆ. ನಿಷೇಧಾಜ್ಞೆ, ಗಾಂಧಿ ಬಜಾರಿನ ಮುಚ್ಚಿದ ಬಾಗಿಲುಗಳು. ಆ ದಿನಗಳಲ್ಲಿ ಯಾರ ಯಾರ ಫೋನಿಗೆ ಏನು ಬಂತು, ಯಾರು ಅದನ್ನು ಮುಂದೆ ದಾಟಿಸಿದರು, ಯಾರು ತಮ್ಮಲ್ಲೇ ನಿಲ್ಲಿಸಿದರು, ಇದು ಈ ಸಭೆಯಲ್ಲಿ ಒಬ್ಬೊಬ್ಬರಿಗೂ ಗೊತ್ತು. ನಿಲ್ಲಿಸಿದವರಿಗೆ ಯಾರೂ ಹಾರ ಹಾಕಲಿಲ್ಲ. ನಾನು ಇವತ್ತು ಇಲ್ಲಿಂದ ಅವರಿಗೆ ಕೈ ಮುಗಿಯುತ್ತೇನೆ.

ಇಷ್ಟು ಹೇಳಿದ ಮೇಲೆ ನನ್ನ ವಯಸ್ಸಿನವರು ಒಂದು ಮಾತು ಅನ್ನುತ್ತಾರೆ. ಹಿಂದೆ ಜಗಲಿ ಮೇಲೆ ಕೂತು ಮಾತಾಡುತ್ತಿದ್ದೆವು, ಅಡಿಕೆ ಸುಲಿಯುವಾಗ ರಾತ್ರಿಯೆಲ್ಲ ಮಾತಾಡುತ್ತಿದ್ದೆವು, ಆ ಮಾತಿನ ಸುಖ ಈ ಫೋನಿನಲ್ಲಿ ಎಲ್ಲಿ ಅಂತ. ಸುಲಿತದ ಚಪ್ಪರದ ಮಾತು ನನಗೂ ಇಷ್ಟ. ಎದುರಿಗೆ ಮೆಟ್ಟುಗತ್ತಿ ಇದೆ, ಕೈ ಕೆಲಸದಲ್ಲಿದೆ, ಯಾರೋ ಏನೋ ಅಂದರೆ ಎರಡು ಅಡಿಕೆ ಸುಲಿದು ಬುಟ್ಟಿಗೆ ಹಾಕಿ ಆಮೇಲೆ ಉತ್ತರ. ಆದರೆ ಜಗಲಿ ಮೇಲೆ ಯಾರು ಕೂರುತ್ತಿದ್ದರು, ಯಾರು ಅಂಗಳದಲ್ಲೇ ನಿಲ್ಲುತ್ತಿದ್ದರು ಎಂಬುದನ್ನೂ ನೆನಪಿಟ್ಟುಕೊಳ್ಳಬೇಕಲ್ಲ. ಗೇಣಿ ರೈತರು ಭೂಮಾಲೀಕರ ಎದುರು ನಿಂತ ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆ ಇದು, 1951 ಏನೂ ಪುರಾಣಕಾಲವಲ್ಲ. ಜಗಲಿಯ ಮಾತು ಬಾಗಿಲ ಸಂದಿನಿಂದ ಕೇಳಿಸಿಕೊಂಡವರು ಹೆಂಗಸರು. ಅಲ್ಲಿ ಬಾಯಿ ತೆರೆಯಲಾಗದಿದ್ದವರ ಮೊಮ್ಮಕ್ಕಳು ಇವತ್ತು ಅದೇ ಗ್ರೂಪಿನಲ್ಲಿ ಬರೆಯುತ್ತಿದ್ದಾರೆ. ನಮ್ಮ ಕತೆಯ ಅಕ್ಕನ ಅಜ್ಜಿಗೆ ದೇವಸ್ಥಾನದ ಲೆಕ್ಕದಲ್ಲಿ ಮಾತಾಡುವ ಅವಕಾಶ ಇತ್ತೇ? ಹಾಗಾಗಿ ಫೋನು ಎತ್ತಿಡಿ, ಜಗಲಿಗೆ ವಾಪಸ್ ಹೋಗೋಣ ಅನ್ನುವವರ ಜೊತೆ ನಾನಿಲ್ಲ. ಹೊಸದಾಗಿ ಮಾತಾಡಲು ಬಂದವರ ಮೇಲೆಯೇ ಕೆಟ್ಟ ಮಾತು ಹೆಚ್ಚು ಬೀಳುತ್ತಿದೆ. ಒಬ್ಬ ಹುಡುಗಿ ತನ್ನ ಯಕ್ಷಗಾನದ ಹೆಜ್ಜೆಯ ವಿಡಿಯೋ ಹಾಕಿದರೆ ಅದರ ಕೆಳಗೆ ಬರುವುದನ್ನು ಓದಿ. ತಾಳ ತಪ್ಪಿದ್ದರೆ ತಾಳ ತಪ್ಪಿದೆ ಅನ್ನಲಿ. ಅವಳ ಮೈ ಬಗ್ಗೆ, ಜಾತಿ ಬಗ್ಗೆ ಬರೆಯುವುದು ಯಾಕೆ? ಅಲ್ಲಿ ನಮ್ಮಲ್ಲಿ ಒಬ್ಬರಾದರೂ 'ಇದು ಸರಿಯಲ್ಲಪ್ಪ' ಅಂತ ಒಂದು ಸಾಲು ಬರೆಯಬೇಕು. ತಡ ಮಾಡಿ ಅಂತ ಹೇಳುತ್ತಿರುವವನು ನಾನೇ. ಆದರೂ ಅಲ್ಲಿ ಮಾತ್ರ ಬೇಗ ಬರೆಯಿರಿ.

ಸಂಘಟಕರಿಂದ ಚೀಟಿ ಬಂತು, ಇನ್ನು ಹತ್ತೇ ನಿಮಿಷ ಅಂತೆ. ಸಾವಿನ ಸುದ್ದಿಗೆ ಉತ್ತರಿಸುವ ಬಗ್ಗೆ ವಿವರವಾಗಿ ಮಾತಾಡಬೇಕಿತ್ತು, ಒಂದೇ ಮಾತಿಗೆ ಬಿಡುತ್ತೇನೆ. 'ಓಂ ಶಾಂತಿ' ಅಂತ ಇನ್ನೂರು ಜನ ಬರೆದ ಕಡೆ ನೀವು ಹೋದವರ ಬಗ್ಗೆ ನಿಮಗೆ ಗೊತ್ತಿರುವ ಒಂದು ಸಂಗತಿ ಬರೆಯಿರಿ. 'ನನಗೆ ನಾಟಿ ಹೇಗೆ ಮಾಡಬೇಕು ಅಂತ ತೋರಿಸಿಕೊಟ್ಟಿದ್ದರು' ಅಂತ. ಮನೆಯವರು ಅದನ್ನು ಮತ್ತೆ ಮತ್ತೆ ಓದುತ್ತಾರೆ.

ಇನ್ನೊಂದು, ಗುಲಾಬಿ ಹೂವಿನ ಶುಭೋದಯ. ದಯವಿಟ್ಟು ಅದನ್ನು ಗೇಲಿ ಮಾಡಬೇಡಿ. ಮಕ್ಕಳೆಲ್ಲ ದೂರದಲ್ಲಿರುವ ಮನೆಯಲ್ಲಿ ಒಬ್ಬರೇ ಇರುವ ದೊಡ್ಡಮ್ಮ ಬೆಳಿಗ್ಗೆ ಆರಕ್ಕೆ ಕಳಿಸುವ ಹೂವು ಅದು, ಎದ್ದಿದ್ದೇನೆ ಅಂತ ಅರ್ಥ. ಒಂದು ದಿನ ಬರದಿದ್ದರೆ ಏಳು ಗಂಟೆಯೊಳಗೆ ಫೋನ್ ಮಾಡಿ.

ಗ್ರೂಪಿನ ಅಡ್ಮಿನ್‌ಗಳ ಬಗ್ಗೆ, ಚುನಾವಣೆ ಸಮಯದ ಬಗ್ಗೆ ಬರೆದುಕೊಂಡು ಬಂದಿದ್ದೆ, ಬಿಡುತ್ತೇನೆ. ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಚೀಟಿ ಕಳಿಸಿದ್ದಾಳೆ, ಅದಕ್ಕೆ ಉತ್ತರ ಕೊಡದೆ ಕೂರಲಾರೆ. 'ನನ್ನ ಮೇಲೇ ಕೆಟ್ಟ ಕಾಮೆಂಟ್ ಬಂದರೆ ಏನು ಮಾಡಲಿ?' ಅಂತ ಕೇಳಿದ್ದಾಳೆ. ಮಗಳೇ, ಮೊದಲು ಸ್ಕ್ರೀನ್‌ಶಾಟ್ ತೆಗೆದಿಡು. ಆ ರಾತ್ರಿ ಉತ್ತರ ಕೊಡಬೇಡ. ಮನೆಯಲ್ಲಿ ಒಬ್ಬರಿಗೆ ಅಥವಾ ನಂಬುವ ಗೆಳತಿಗೆ ಆ ದಿನವೇ ಹೇಳು, ಒಬ್ಬಳೇ ಇಟ್ಟುಕೊಂಡು ಮಲಗಬೇಡ. ಬೆದರಿಕೆ ಇದ್ದರೆ ದೊಡ್ಡವರ ಜೊತೆ ಪೊಲೀಸ್ ಠಾಣೆಗೆ ಹೋಗು. ನಿದ್ದೆ ಬಾರದಷ್ಟು ಮನಸ್ಸು ಕೆಟ್ಟರೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ಸಂಖ್ಯೆ 14416. ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಉಳಿದವರೂ ಆ ಸಂಖ್ಯೆ ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ಈಗ ಪ್ರಶ್ನೆಗಳಿಗೆ ಬರೋಣ. ಮೈಕನ್ನು ಮೊದಲು ಹಿಂದಿನ ಸಾಲಿಗೆ ಕೊಡಿ.