ಅಂಗಡಿಗೆ 601 ಸಲ

ಕೇಳುಗರೇ, ನಮಸ್ಕಾರ.

ಸಾಸಿವೆಗೆ ಒಂದು ಸಲ, ಜೀರಿಗೆಗೆ ಇನ್ನೊಂದು ಸಲ, ಬೆಲ್ಲಕ್ಕೆ ಮತ್ತೊಂದು ಸಲ ಅಂಗಡಿಗೆ ಹೋಗುವವರನ್ನು ನೋಡಿದ್ದೀರಾ? ಚೀಟಿ ಬರೆದುಕೊಂಡು ಹೋದರೆ ಒಂದೇ ಸಲಕ್ಕೆ ಮುಗಿಯುತ್ತದೆ, ಅಲ್ವಾ? ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನು ಮಾಡಿದ ಮೊದಲ ವೆಬ್‌ಸೈಟ್ ಹೀಗೇ ಅಲೆಯುತ್ತಿತ್ತು. ನನಗೆ ಗೊತ್ತೇ ಇರಲಿಲ್ಲ.

ಡೇಟಾಬೇಸಿನಲ್ಲಿ ಮಾಹಿತಿ ಇರುವುದು ಟೇಬಲ್‌ಗಳಲ್ಲಿ. ಅದರೊಡನೆ ಮಾತಾಡಲು ಎಸ್‌ಕ್ಯೂಎಲ್ ಎಂಬ ಭಾಷೆ ಬೇಕು. ಪೈಥಾನ್ ಬರೆಯುವವರಿಗೋ ಆಬ್ಜೆಕ್ಟ್‌ಗಳೇ, ಅಂದರೆ ಮಾಹಿತಿಯನ್ನೂ ಅದರ ಕೆಲಸವನ್ನೂ ಒಟ್ಟಿಗೆ ಕಟ್ಟಿದ ಗಂಟುಗಳೇ, ರೂಢಿ. ನಡುವೆ ನಿಂತ ದುಭಾಷಿಯೇ ಓಆರ್‌ಎಂ, ಅಂದರೆ ಆಬ್ಜೆಕ್ಟ್ ರಿಲೇಷನಲ್ ಮ್ಯಾಪರ್. ಟೇಬಲ್ಲಿಗೊಂದು ಕ್ಲಾಸ್, ಅಂದರೆ ಅಚ್ಚು; ಸಾಲಿಗೊಂದು ಆಬ್ಜೆಕ್ಟ್. 2005ರಲ್ಲಿ ಬಂದ ಜಾಂಗೋ ಎಂಬ ವೆಬ್‌ಸೈಟ್ ಕಟ್ಟುವ ಚೌಕಟ್ಟಿನಲ್ಲಿ ಇದು ಜೊತೆಗೇ ಸಿಗುತ್ತದೆ. ಫ್ಲಾಸ್ಕ್ ಎಂಬ ಇನ್ನೊಂದು ಚೌಕಟ್ಟು ಬಳಸುವವರು ಹೆಚ್ಚಾಗಿ ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಓಆರ್‌ಎಂ ಹಾಕಿಕೊಳ್ಳುತ್ತಾರೆ. ಅದು 2006ರದ್ದು.

ನನ್ನದು ಜಾಂಗೋ. ಒಂದು ಪುಸ್ತಕಪಟ್ಟಿ, ಪ್ರತಿ ಪುಸ್ತಕದ ಪಕ್ಕ ಲೇಖಕರ ಹೆಸರು. ಬರೆದದ್ದು ಇಷ್ಟೇ: ಬುಕ್ ಡಾಟ್ ಆಥರ್ ಡಾಟ್ ನೇಮ್. ಐದು ಪುಸ್ತಕ ಹಾಕಿ ನೋಡಿದೆ, ಫಟ್ ಅಂತ ಬಂತು. ಆಮೇಲೆ 600 ಪುಸ್ತಕ ಸೇರಿಸಿದೆವು. ಪುಟ ತೆರೆಯುವಷ್ಟರಲ್ಲಿ ಕಾಫಿ ಆರುತ್ತಿತ್ತು. ನೆಟ್ ಸರಿ ಇಲ್ಲ, ಸರ್ವರ್ ಸಾಲದು ಎಂದು ಎರಡು ದಿನ ಗೊಣಗಿದೆ. ಕೊನೆಗೆ, ಪುಟದ ಹಿಂದೆ ನಡೆಯುವುದನ್ನು ತೋರಿಸುವ ಜಾಂಗೋ ಡೀಬಗ್ ಟೂಲ್‌ಬಾರ್ ಹಾಕಿ ನೋಡಿದರೆ, ಒಂದು ಪುಟಕ್ಕೆ 601 ಕ್ವೆರಿ, ಅಂದರೆ ಡೇಟಾಬೇಸಿಗೆ 601 ಪ್ರಶ್ನೆ! ಪಟ್ಟಿಗೆ ಒಂದು, ಆಮೇಲೆ ಪುಸ್ತಕಕ್ಕೊಂದರಂತೆ ಲೇಖಕರ ಹೆಸರಿಗೆ 600.

ಆ ಪುಟ್ಟ ಡಾಟ್‌ನ ಕಿತಾಪತಿ ಇದು. ನೋಡಲು ಸುಮ್ನೆ ಒಂದು ಚುಕ್ಕಿ, ಒಳಗೆ ಡೇಟಾಬೇಸಿಗೆ ಒಂದು ಓಟ. ಇದಕ್ಕೆ ಎನ್ ಪ್ಲಸ್ ಒನ್ ತೊಂದರೆ ಎನ್ನುತ್ತಾರೆ. ಬೇಕಾದಾಗ ಮಾತ್ರ ತರುವುದು ಓಆರ್‌ಎಂನ ಸ್ವಭಾವ. ಮುಂದೆ ಏನು ಬೇಕಾಗುತ್ತದೆ ಎಂದು ನಾವೇ ಮೊದಲು ಹೇಳಬೇಕು.

ಹೇಳುವುದು ಸುಲಭ. ಸೆಲೆಕ್ಟ್ ರಿಲೇಟೆಡ್ ಎಂದು ಸೇರಿಸಿದೆ. ಎರಡು ಟೇಬಲ್‌ಗಳನ್ನು ಜಾಯಿನ್ ಮಾಡಿ ಒಂದೇ ಕ್ವೆರಿಯಲ್ಲಿ ತಂದುಬಿಟ್ಟಿತು. ಒಂದು ಪುಸ್ತಕಕ್ಕೆ ಹಲವು ಲೇಖಕರಿದ್ದರೆ ಪ್ರಿಫೆಚ್ ರಿಲೇಟೆಡ್ ಬೇಕು. ಅದು ಎರಡು ಸಲ ಹೋಗಿಬಂದು, ಯಾರು ಯಾವ ಪುಸ್ತಕದವರು ಎಂದು ಪೈಥಾನ್‌ನಲ್ಲೇ ಹೊಂದಿಸುತ್ತದೆ.

ಹಾಗಂತ ಓಆರ್‌ಎಂ ಬೇಡ ಎನ್ನಲಾರೆ. ಹುಡುಕು ಪೆಟ್ಟಿಗೆಯಲ್ಲಿ ಯಾರೋ ಕಿಡಿಗೇಡಿ ಎಸ್‌ಕ್ಯೂಎಲ್ ತುಂಡು ಟೈಪ್ ಮಾಡಿದರೂ, ಓಆರ್‌ಎಂ ಅದನ್ನು ಅಪ್ಪಣೆಯಾಗಿ ಅಲ್ಲ, ಬರೀ ಅಕ್ಷರವಾಗಿಯೇ ಕಳಿಸುತ್ತದೆ. ಆ ನೆಮ್ಮದಿ ಚಿಕ್ಕದಲ್ಲ. ಆದರೂ ವರ್ಷದ ಲೆಕ್ಕದಂಥ ಗೋಜಲು ಬಂದರೆ ನಾನು ಎಸ್‌ಕ್ಯೂಎಲ್ಲನ್ನೇ ಕೈಯಾರೆ ಬರೆಯುತ್ತೇನೆ.

ಟೂಲ್‌ಬಾರ್ ಮಾತ್ರ ಈಗ ಸದಾ ತೆರೆದೇ ಇರುತ್ತದೆ. ಮೊನ್ನೆ ಇನ್ನೊಂದು ಪುಟದಲ್ಲಿ 43 ಕ್ವೆರಿ ತೋರಿಸಿತು. ಎಲ್ಲೋ ಒಂದು ಡಾಟ್ ಅಡಗಿ ಕೂತಿದೆ. ಸಂಜೆ ಹುಡುಕಬೇಕು.

ನಮಸ್ಕಾರ.